ಶಾಲೆಯಲ್ಲಿ ಮೂರ್ಛೆ: ಮೊದಲ ಐದು ನಿಮಿಷ



ನಾಡಹಬ್ಬದ ದಿನ ರೋಗದ ಮಾತೇಕೆಂದು ಕೆಲವರು ಕೇಳಬಹುದು. ಇದೇ ನವೆಂಬರ್ 17 ನಮ್ಮ ದೇಶದಲ್ಲಿ ಅಪಸ್ಮಾರ ದಿನ. ನಾಚಾರಂನ ಕಾರ್ಖಾನೆಗಳನ್ನು ನಂಬಿ ಬಂದು ನೆಲಸಿರುವ ನಮಗೆ ಅಜ್ಜಿ, ಸೋದರತ್ತೆ, ಚಿಕ್ಕಪ್ಪಂದಿರು ಹತ್ತಿರದಲ್ಲಿಲ್ಲ; ಹಗಲೆಲ್ಲ ಮಕ್ಕಳನ್ನು ಶಾಲೆಗೆ ಒಪ್ಪಿಸಿರುತ್ತೇವೆ. ಅಲ್ಲಿ ಮಗುವಿಗೆ ಮೂರ್ಛೆ ಬಂದರೆ ಮೊದಲು ಓಡಿಬರುವವರು ವೈದ್ಯರಲ್ಲ. ಉಪಾಧ್ಯಾಯರು, ಆಯಾ, ಬಸ್ಸಿನ ಚಾಲಕ. ಆದುದರಿಂದ ತರಬೇತಿ ಇವರೆಲ್ಲರಿಗೂ ದೊರೆಯತಕ್ಕದ್ದು.

ಕಲಿಯಬೇಕಾದುದು ಬಹಳವಿಲ್ಲ. ಮೊದಲು ಗಡಿಯಾರ ನೋಡಿಕೊಳ್ಳಬೇಕು. ಬೆಂಚು ಮುಂತಾದುವನ್ನು ದೂರ ಸರಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಬೇಕು. ಕೊರಳ ಟೈ ಸಡಿಲಿಸಬೇಕು. ಜೊಲ್ಲು ಹೊರಕ್ಕೆ ಹರಿಯುವಂತೆ ಮಗ್ಗುಲಾಗಿ ಮಲಗಿಸಬೇಕು. ಕೈಕಾಲು ಅದುಮಿ ಹಿಡಿಯಬಾರದು. ಬಾಯೊಳಗೆ ಚಮಚವನ್ನಾಗಲಿ ಬೆರಳನ್ನಾಗಲಿ ತುರುಕಬಾರದು. ಪೂರ್ಣ ಎಚ್ಚರವಾಗುವ ತನಕ ನೀರನ್ನೂ ಕೊಡಬಾರದು. ಕೈಗೆ ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು ಇವುಗಳಿಂದ ಪ್ರಯೋಜನವಿಲ್ಲ. ಹೆಚ್ಚಿನವು ಎರಡು ಮೂರು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ. ಐದು ನಿಮಿಷ ಮೀರಿದರೆ, ಎಚ್ಚರವಾಗುವ ಮೊದಲೇ ಮತ್ತೊಮ್ಮೆ ಬಂದರೆ, ಪೆಟ್ಟಾಗಿದ್ದರೆ, ಉಸಿರಾಟ ಸರಿಹೋಗದಿದ್ದರೆ, ಇಲ್ಲವೇ ಅದೇ ಮೊದಲ ಸಲವಾಗಿದ್ದರೆ 108ಕ್ಕೆ ಕರೆ ಮಾಡಬೇಕು.

ಬೀಳದೆಯೂ ಈ ರೋಗ ತೋರುವುದುಂಟು. ಪಾಠದ ನಡುವೆ ಮಗು ಕೆಲವು ಕ್ಷಣ ಸುಮ್ಮನೆ ದಿಟ್ಟಿಸಿ, ಮತ್ತೆ ಏನೂ ಆಗದಂತೆ ಬರೆಯತೊಡಗುತ್ತದೆ. ಗಮನವಿಲ್ಲವೆಂದು ದಂಡಿಸದೆ ಮನೆಗೆ ತಿಳಿಸುವ ಉಪಾಧ್ಯಾಯರು ದೊಡ್ಡ ಉಪಕಾರ ಮಾಡಿದಂತೆ.

ಆದರೆ ಶಾಲೆಯನ್ನು ಕೇಳುವ ಮುನ್ನ ನಾವು ಬಾಯಿ ಬಿಡಬೇಕು. ಮಗಳ ಮದುವೆಗೆ ಅಡ್ಡಿಯಾದೀತೆಂದು ಎಷ್ಟೋ ಮನೆಗಳಲ್ಲಿ ಇದನ್ನು ಮುಚ್ಚಿಡುತ್ತಾರೆ. ಹಿಂದೂ ವಿವಾಹ ಕಾನೂನಿನಲ್ಲಿದ್ದ ಅಪಸ್ಮಾರದ ಅಡ್ಡಿಯನ್ನು 1999ರಲ್ಲಿಯೇ ತೆಗೆದುಹಾಕಲಾಯಿತು. ನಮ್ಮ ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಕಡಿಮೆ ಬೆಲೆಯ ಮಾತ್ರೆಗಳಿಂದಲೇ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿ, 2001ರಲ್ಲಿ ವರದಿ ಪ್ರಕಟಿಸಿದರು. ಕಾನೂನು ಕೈಬಿಟ್ಟ, ಔಷಧಕ್ಕೆ ಮಣಿಯುವ ರೋಗವನ್ನು ನಾವೇಕೆ ಬಚ್ಚಿಡಬೇಕು? ಬಚ್ಚಿಟ್ಟರೆ ಆಯಾಗೆ ತಿಳಿಯುವುದು ಮಗು ನೆಲಕ್ಕೆ ಬಿದ್ದ ಮೇಲೆಯೇ.

ಒಂದು ಹಾಳೆ ಸಾಕು. ಮೂರ್ಛೆ ಬರುವ ರೀತಿ, ದಿನದ ಮಾತ್ರೆ, ವೈದ್ಯರು ಬರೆದುಕೊಟ್ಟ ತುರ್ತು ಔಷಧ, ನಮ್ಮ ದೂರವಾಣಿ ಸಂಖ್ಯೆ ಇವಿಷ್ಟನ್ನು ಇಂಗ್ಲಿಷಿನಲ್ಲೂ ತೆಲುಗಿನಲ್ಲೂ ಬರೆದು ಶಾಲೆಗೆ ಕೊಡೋಣ. ಸಿಬ್ಬಂದಿಗೆ ಒಂದು ಮಧ್ಯಾಹ್ನ ವೈದ್ಯರಿಂದ ತರಬೇತಿ ಕೊಡಿಸಿರೆಂದು ಕೇಳೋಣ. ಎಚ್ಚರಗೊಳ್ಳುವ ಪುಟ್ಟ ಮಗುವಿಗೆ ಮನೆಯ ಮಾತೇ ಬೇಗ ತಿಳಿಯುತ್ತದೆ. ಹಾಳೆಯ ಕೊನೆಗೆ ತೆಲುಗು ಲಿಪಿಯಲ್ಲಿ ಒಂದು ಕನ್ನಡ ಮಾತಿರಲಿ: 'ಹೆದರಬೇಡ ಮರಿ, ಅಮ್ಮ ಬರುತ್ತಾಳೆ.'