ಬೀಚಲ್ಲಿ ಬಿದ್ದ ಆ ನೀಲಿ ಬಲೂನು

ಅಡ್ಯಾರಲ್ಲಿರೋ ನಾವೆಲ್ಲ ಭಾನುವಾರ ಮಕ್ಕಳನ್ನ ಕರ್ಕೊಂಡು ಹೋಗೋದು ಎಲಿಯಟ್ಸ್ ಬೀಚಿಗೇ. ಅಲ್ಲಿ ಕೆಲವೊಮ್ಮೆ ಮರಳ ಮೇಲೆ ನೀಲಿ ಬಲೂನಿನಂಥದ್ದು ಬಿದ್ದಿರುತ್ತೆ. ಜೆಲ್ಲಿಫಿಶ್ ಅಂತೀವಿ. ಅಲ್ಲ, ಅದರ ದಾಯಾದಿ: ಫೈಸೇಲಿಯಾ. ಒಂದೇ ಪ್ರಾಣಿಯಂತೆ ಕಂಡರೂ ಅದೊಂದು ಅವಿಭಕ್ತ ಕುಟುಂಬ. ತೇಲಿಸೋಕೆ ಒಬ್ಬ, ಬೇಟೆಗೆ ಒಬ್ಬ, ಜೀರ್ಣಿಸೋಕೆ ಇನ್ನೊಬ್ಬ, ಸಂತಾನಕ್ಕೆ ಮತ್ತೊಬ್ಬ.

ಈ ವಂಶ ನಿಡೇರಿಯಾ. ಶಾಲೆಯಲ್ಲಿ ನಾವು ಓದಿದ್ದ ಸೀಲೆಂಟರೇಟಾ. ಮುಖ್ಯ ವರ್ಗ ನಾಲ್ಕು:

ಹೈಡ್ರೋಜೋವಾ: ಹೈಡ್ರಾ, ಫೈಸೇಲಿಯಾ.
ಸ್ಕೈಫೋಜೋವಾ: ಅಸಲಿ ಜೆಲ್ಲಿಫಿಶ್.
ಕ್ಯೂಬೋಜೋವಾ: ಬಾಕ್ಸ್ ಜೆಲ್ಲಿಫಿಶ್.
ಆಂಥೋಜೋವಾ: ಹವಳ, ಸೀ ಅನಿಮೋನ್.

ನಮ್ಮಲ್ಲಿ ಅನುಲೇಪಕ, ಸಂಯೋಜಕ, ಸ್ನಾಯು, ನರ ಅಂತ ನಾಲ್ಕು ಬಗೆಯ ಅಂಗಾಂಶಗಳಿವೆ. ಇವುಗಳದ್ದು ಸರಳ ಮೈ: ಹೊರಗೊಂದು ಪದರ, ಒಳಗೊಂದು ಪದರ, ನಡುವೆ ಲೋಳೆ. ರಕ್ತ, ಹೃದಯ, ಮಿದುಳು ಯಾವುದೂ ಇಲ್ಲ, ನರಗಳ ಬಲೆಯಷ್ಟೇ.

ಮತ್ತೆ ಕುಟುಕೋದು ಹೇಗೆ? ಪ್ರತಿ ಕುಟುಕುಕೋಶದೊಳಗೂ ಸುರುಳಿ ಸುತ್ತಿದ ವಿಷದ ದಾರವಿರುತ್ತೆ. ಏನಾದ್ರೂ ತಾಗಿದ್ರೆ ಸಾಕು, ಅದೇ ಸಿಡಿಯುತ್ತೆ. ಯಾರ ಅಪ್ಪಣೆಯೂ ಬೇಡ, ಜೀವವೂ ಬೇಡ. 2023ರ ಡಿಸೆಂಬರ್‌ನಲ್ಲಿ, ಮಿಚಾಂಗ್ ಚಂಡಮಾರುತದ ನಂತರ, ಇದೇ ದಡದಲ್ಲಿ ಬ್ಲೂ ಡ್ರ್ಯಾಗನ್ ಕಾಣಿಸಿತ್ತು. ಚಿಪ್ಪಿಲ್ಲದ ಆ ಬಸವನಹುಳು ಫೈಸೇಲಿಯಾವನ್ನು ತಿಂದು, ಅದರ ಕುಟುಕುಕಣಗಳನ್ನೇ ತನ್ನ ಆಯುಧ ಮಾಡ್ಕೊಳ್ಳುತ್ತೆ!

ಅದಕ್ಕೇ ನಾನು ಹೇಳೋದು: ಸತ್ತಿದೆ ಅಂತ ಮುಟ್ಟಬೇಡಿ, ಮಕ್ಕಳಿಗೂ ಬಿಡಬೇಡಿ. ತಾಗಿದ್ರೆ ಉಜ್ಜಬೇಡಿ, ಬಾಟಲಿ ನೀರು ಹಾಕಬೇಡಿ. ಸಮುದ್ರದ ನೀರಲ್ಲೇ ತೊಳೆದು, ಅಂಟಿದ ಎಳೆಗಳನ್ನ ಚಿಮಟದಲ್ಲಿ ತೆಗೀರಿ. ಉಸಿರಾಟಕ್ಕೆ ಕಷ್ಟವಾದ್ರೆ ತಕ್ಷಣ ಆಸ್ಪತ್ರೆಗೆ ಹೊರಡಿ.