ಭೋಪಾಲದ ಪಾಠ ಎಲ್ಲಿಗೆ ನಿಲ್ಲಬೇಕು?

ದುರಂತಗಳ ಬಗ್ಗೆ ಮಕ್ಕಳೊಂದಿಗೆ ಮಾತನಾಡುವುದು ಹೇಗೆ ಎಂಬ ಈ ಸಂಕಿರಣಕ್ಕೆ ಆಶಯ ಭಾಷಣ ಮಾಡಲು ಕರೆದವರಿಗೆ ಭಾಷಣಕಾರರ ಹಳೆಯ ತಕರಾರು ಗೊತ್ತೇ ಇದೆ. ಗೊತ್ತಿದ್ದೂ ಕರೆದಿದ್ದಾರೆ, ಅನುಭವಿಸಬೇಕು.

ತಕರಾರು ಇಷ್ಟೇ. ಮಗುವಿಗೆ ಎಷ್ಟು ಹೇಳಬೇಕು, ಯಾವ ವಯಸ್ಸಿಗೆ ಹೇಳಬೇಕು ಎಂದು ದೊಡ್ಡವರು ದುಃಖವನ್ನು ಅಳೆಯುತ್ತಲೇ ಕುಳಿತರು. ಮಗು ಕೇಳುತ್ತಿದ್ದದ್ದು ಕಾರಣ. ಆಘಾತಕ್ಕೊಳಗಾದ ಮಕ್ಕಳ ಕುರಿತ ಅಧ್ಯಯನಗಳನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಅದರಲ್ಲಿ ಪಳಗಿದವರು ಮುಂದಿನ ಸಾಲಿನಲ್ಲೇ ಇದ್ದಾರೆ, ಮಧ್ಯಾಹ್ನದ ಗೋಷ್ಠಿಯೂ ಅವರದೇ. ಆದರೆ ಅದು ದುರಂತವನ್ನು ಕಣ್ಣಾರೆ ಕಂಡ ಮಕ್ಕಳ ಮಾತಾಯಿತು. ಮೂವತ್ತು ವರ್ಷದ ಮೇಲೆ ಹುಟ್ಟಿದ ಮಗುವಿಗೆ ಬೇಕಾದದ್ದು ಸಮಾಧಾನವಲ್ಲ, ವಿವರ.

ಭೋಪಾಲವನ್ನೇ ತೆಗೆದುಕೊಳ್ಳಿ. ಪಾಠ ಸಾಮಾನ್ಯವಾಗಿ ಹೀಗೆ ಸಾಗುತ್ತದೆ: 1984ರ ಡಿಸೆಂಬರ್ 2ರ ರಾತ್ರಿ, ಯೂನಿಯನ್ ಕಾರ್ಬೈಡ್ ಕಾರ್ಖಾನೆ, ವಿಷಾನಿಲ, ಸಾವಿರಾರು ಸಾವು, ಮಣ್ಣು ಮಾಡುತ್ತಿರುವ ಮಗುವಿನ ಆ ಛಾಯಾಚಿತ್ರ. ತರಗತಿ ಸ್ತಬ್ಧವಾಗುತ್ತದೆ. ಪುಸ್ತಕ ಮುಚ್ಚುತ್ತದೆ.

ಅದರ ಬದಲು ಕಪ್ಪುಹಲಗೆಯ ಮೇಲೆ ಆ ಟ್ಯಾಂಕಿನ ಚಿತ್ರ ಬರೆಯಬಹುದು. ಅದರ ಸಂಖ್ಯೆ ಇ-610. ಒಳಗೆ ಸುಮಾರು 40 ಟನ್ ಮೀಥೈಲ್ ಐಸೊಸೈನೇಟ್. ಅದನ್ನು ತಣ್ಣಗಿಡಬೇಕಾದ ಶೈತ್ಯಯಂತ್ರ ಜೂನ್‌ನಿಂದಲೇ ಬಂದ್. ಸೋರಿದ ಅನಿಲವನ್ನು ತೊಳೆಯಬೇಕಾದ ಸ್ಕ್ರಬ್ಬರ್ ಚಾಲನೆಯಲ್ಲಿರಲಿಲ್ಲ. ಉಳಿದದ್ದನ್ನು ಸುಡಬೇಕಾದ ಗೋಪುರದ ಕೊಳವೆಯ ತುಂಡೊಂದನ್ನು ರಿಪೇರಿಗೆಂದು ಬಿಚ್ಚಿಟ್ಟಿದ್ದರು. ನೀರು ಹಾಯಿಸಿದರೆ ಅನಿಲ ಹೊರಬೀಳುತ್ತಿದ್ದ ಎತ್ತರಕ್ಕೆ ಅದು ಮುಟ್ಟಲಿಲ್ಲ. ಟ್ಯಾಂಕಿನೊಳಗೆ ನೀರು ಹೊಕ್ಕಿತ್ತು, ಶಾಖವೂ ಒತ್ತಡವೂ ಏರುತ್ತಿದ್ದವು. ರಾತ್ರಿ ಹನ್ನೊಂದೂವರೆಯ ಹೊತ್ತಿಗೆ ಕಾರ್ಮಿಕರ ಕಣ್ಣು ಉರಿಯತೊಡಗಿತು; ಸೋರಿಕೆಯನ್ನು ಚಹಾ ಆದಮೇಲೆ ನೋಡೋಣ ಎಂದಾಯಿತು. ಒಂದು ಗಂಟೆಯ ಹೊತ್ತಿಗೆ ಅನಿಲ ಊರಿನ ಮೇಲಿತ್ತು.

ಏಳನೇ ತರಗತಿಯ ಹುಡುಗಿಗೆ ಇದರಲ್ಲಿ ಅರ್ಥವಾಗದ್ದು ಒಂದೂ ಇಲ್ಲ. ಸತ್ತವರ ಅಂಕಿ ಮರೆತರೂ ಆ ಚಹಾ ಅವಳಿಗೆ ಮರೆಯುವುದಿಲ್ಲ. ಪತ್ರಕರ್ತ ರಾಜಕುಮಾರ್ ಕೇಸ್ವಾನಿ 1982ರಿಂದಲೇ ಎಚ್ಚರಿಸಿ ಬರೆಯುತ್ತಿದ್ದರು ಎಂದು ತಿಳಿಸಿದರೆ, “ಮತ್ತೆ ಯಾರೂ ಯಾಕೆ ಕೇಳಲಿಲ್ಲ?” ಎಂದು ಕೇಳದೆ ಬಿಡುವವಳೂ ಅಲ್ಲ.

ಇಂಥ ಇಕ್ಕಟ್ಟಿನಲ್ಲಿ ಶಿಕ್ಷಕರ ಕೈಹಿಡಿಯುವುದು ಗುಲಾಂ ದಸ್ತಗೀರ್. ಭೋಪಾಲ ರೈಲು ನಿಲ್ದಾಣದ ಉಪ ಅಧೀಕ್ಷಕರಾಗಿದ್ದ ಅವರು, ಜನ ತುಂಬಿದ್ದ ರೈಲನ್ನು ಹೊತ್ತಿಗೆ ಮುಂಚೆಯೇ ಹೊರಡಿಸಿದರು. ಬರುವ ರೈಲುಗಳನ್ನು ಹಿಂದಿನ ನಿಲ್ದಾಣಗಳಲ್ಲೇ ತಡೆಯಲು ಹೇಳಿದರು. 2023ರಲ್ಲಿ ‘ದಿ ರೈಲ್ವೇ ಮೆನ್’ ಸರಣಿ ಬಂದಮೇಲಂತೂ ರೈಲಿನವರ ಸಾಹಸ ಮನೆಮಾತಾಯಿತು. ಹೇಳಲೇಬೇಕಾದ ಕತೆ, ಅನುಮಾನವಿಲ್ಲ. ಆದರೆ ಪಾಠವನ್ನು ಅಲ್ಲಿಗೇ ಮುಗಿಸಿದ ಶಿಕ್ಷಕಿಯೊಬ್ಬರನ್ನು ಹುಡುಗನೊಬ್ಬ ತಡೆದು ನಿಲ್ಲಿಸಿದನಂತೆ: “ಮಿಸ್, ಕಾರ್ಖಾನೆಯವರಿಗೆ ಏನಾಯ್ತು?” ಅಷ್ಟರಲ್ಲಿ ಗಂಟೆ ಹೊಡೆದು ಅವರು ಬಚಾವು. ಆ ಶಿಕ್ಷಕಿ ಈ ಸಭೆಯಲ್ಲೇ ಇದ್ದಾರೆ. ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟಾಗಿದೆ.

ಭಾಷಣಕಾರರನ್ನು ಬಹುಕಾಲದಿಂದ ಕಾಡುತ್ತಿರುವುದೂ ಆ ಹುಡುಗನ ಪ್ರಶ್ನೆಯೇ. ಪುಣ್ಯಕೋಟಿಯ ಕತೆ ಕೇಳಿ ಬೆಳೆದ ಮಗುವಿಗೆ ಹುಲಿ ಕೊನೆಗೆ ನಾಚಿ ಪ್ರಾಣ ಬಿಡಬೇಕು. ಇಲ್ಲಿ ಹುಲಿ ಜಾಮೀನು ತೆಗೆದುಕೊಂಡು ಹೋಯಿತು. ಕಂಪನಿಯ ಮುಖ್ಯಸ್ಥ ವಾರನ್ ಆಂಡರ್ಸನ್ ದುರಂತ ನಡೆದ ವಾರದಲ್ಲೇ ಭೋಪಾಲದಲ್ಲಿ ಬಂಧನಕ್ಕೊಳಗಾಗಿ, ಬಿಡುಗಡೆಗೊಂಡು ದೇಶ ಬಿಟ್ಟರು. ವಿಚಾರಣೆಗೆ ಮರಳದೆ 2014ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿ. 2010ರಲ್ಲಿ ಏಳು ಮಂದಿಗೆ ಎರಡು ವರ್ಷ ಶಿಕ್ಷೆ, ಅಂದೇ ಜಾಮೀನು. ಹೆಚ್ಚಿನ ಪರಿಹಾರ ಕೋರಿದ್ದ ಕೇಂದ್ರದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2023ರಲ್ಲಿ ತಳ್ಳಿಹಾಕಿತು. ಕಾರ್ಖಾನೆಯಲ್ಲಿ ಉಳಿದಿದ್ದ 337 ಟನ್ ತ್ಯಾಜ್ಯ ಪೀಥಮ್‌ಪುರಕ್ಕೆ ಸಾಗಿದ್ದು 2025ರ ಜನವರಿಯಲ್ಲಿ. ಅಲ್ಲಿನ ಜನ ಬೀದಿಗಿಳಿದರು.

ಎನ್‌ಸಿಇಆರ್‌ಟಿ ಎಂಟನೇ ತರಗತಿಗೆ ಹಲವು ವರ್ಷ ಓದಿಸಿದ ಪುಸ್ತಕ ಭೋಪಾಲವನ್ನು ಕಾನೂನಿನ ಪಾಠದೊಳಗೆ ಇಟ್ಟಿತ್ತು. ಅದು ಸರಿಯಾದ ಜಾಗ. ಪರಿಸರ ಸಂರಕ್ಷಣಾ ಕಾಯಿದೆ ಬಂದದ್ದು 1986ರಲ್ಲಿ, ಭೋಪಾಲದ ಬೆನ್ನಿಗೇ. ಆದರೆ ಕಾಯಿದೆ ಬಂತು ಎಂಬುದು ಹುಡುಗನ ಪ್ರಶ್ನೆಗೆ ಅರ್ಧ ಉತ್ತರ. ಸಂತ್ರಸ್ತೆಯರಾದ ರಶೀದಾ ಬೀ, ಚಂಪಾದೇವಿ ಶುಕ್ಲಾ 2004ರ ಗೋಲ್ಡ್‌ಮನ್ ಪರಿಸರ ಪ್ರಶಸ್ತಿಯ ಹಣದಿಂದ ಅಂಗವಿಕಲ ಮಕ್ಕಳ ಚಿಕಿತ್ಸೆಗೆ ಚಿಂಗಾರಿ ಟ್ರಸ್ಟ್ ಕಟ್ಟಿದರು. ಸರ್ಕಾರ, ಕಂಪನಿ ಮಾಡಬೇಕಾದ ಕೆಲಸವನ್ನು ನೊಂದವರೇ ಮಾಡಿಕೊಂಡರು ಎಂದು ಅದನ್ನೂ ಮಗು ಬಿಡಿಸಿ ನೋಡಬಲ್ಲದು.

ನ್ಯಾಯ ಸಿಕ್ಕಿತು ಎಂದರೆ ಸುಳ್ಳು. ಸಿಗುವುದೇ ಇಲ್ಲ ಎಂದರೆ ಹದಿಮೂರರ ಮಗುವಿನ ಕೈಗೆ ಏನು ಕೊಟ್ಟಂತಾಯಿತು? ಇದಕ್ಕೆ ಭಾಷಣಕಾರರ ಬಳಿ ಉತ್ತರವಿಲ್ಲ. ಇದ್ದಿದ್ದರೆ ಸಂಕಿರಣ ಬೇಕಿರಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪ್ರಬಂಧ ಮಂಡಿಸುವವರಲ್ಲಿ ಒಂದೇ ಕೋರಿಕೆ: ಸಂಜೆಯ ಸಮಾರೋಪಕ್ಕೆ ಮುಂಚೆ, 2010ರ ತೀರ್ಪನ್ನು ಎಂಟನೇ ತರಗತಿಗೆ ಹೇಗೆ ಹೇಳುತ್ತೀರಿ ಎಂದು ಒಂದೊಂದು ಪುಟ ಬರೆದುಕೊಡಿ. ಮಿಸ್ ಅವರದೂ ಒಂದು ಪುಟ ಇರಲಿ.