ಆಂಟೆನಾ ಅಳವಡಿಕೆಗೆ ಬಕೆಟ್ ಲಾರಿಯೋ, ಬೂಮ್ ಲಿಫ್ಟೋ: ಸ್ಥಳ ನೋಡಿ ಯಂತ್ರ ಆರಿಸುವ ಬಗೆ

(ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಭಾರತ್‌ನೆಟ್ ಕೇಬಲ್ ಗ್ರಾಮ ಪಂಚಾಯಿತಿ ಕಚೇರಿಯವರೆಗೆ ಬಂದರೂ, ಅಲ್ಲಿಂದ ಶಾಲೆಗೆ, ಅರಿವು ಕೇಂದ್ರಕ್ಕೆ, ದೂರದ ಬಡಾವಣೆಗೆ ಸಂಪರ್ಕ ಒಯ್ಯಲು ಅನೇಕ ಕಡೆ ಆಂಟೆನಾ ಬೇಕಾಗುತ್ತದೆ. ಕ್ರಿಯಾ ಯೋಜನೆಯಲ್ಲಿ ಅದು ಒಂದೇ ಸಾಲಿನ ಕಾಮಗಾರಿ. ಸ್ಥಳದಲ್ಲಿ ಮಾತ್ರ ಒಬ್ಬ ಮನುಷ್ಯ 9 ಮೀಟರ್ ಎತ್ತರದಲ್ಲಿ ಎರಡೂ ಕೈಗಳನ್ನು ಬಿಟ್ಟು ಬೋಲ್ಟ್ ಬಿಗಿಯಬೇಕು. ಬೀದಿ ದೀಪ ಸರಿಪಡಿಸುವ ವಾಟರ್‌ಮನ್‌ಗೇ ಈ ಕೆಲಸವನ್ನೂ ಹೇಳುವ ವಾಡಿಕೆ ಇದೆ. ಅವರ ಬಳಿ ಇರುವುದು ಒಂದು ಏಣಿ. ಯಂತ್ರದ ಆಯ್ಕೆ ಕುರಿತ ಈ ವಿಚಾರವೆಲ್ಲ ಆ ಒಬ್ಬರು ಕ್ಷೇಮವಾಗಿ ಕೆಳಗಿಳಿಯಬೇಕೆಂಬ ಉದ್ದೇಶದ್ದು.

ಎರಡು ಯಂತ್ರಗಳ ಸ್ವಭಾವ

ಬಕೆಟ್ ಲಾರಿ ಎಂದರೆ ಲಾರಿಯ ಮೇಲೆಯೇ ಕೂರಿಸಿದ ತೋಳು, ಅದರ ತುದಿಯಲ್ಲಿ ಬುಟ್ಟಿ. ರಸ್ತೆಯಲ್ಲಿ ತಾನಾಗಿ ಓಡುತ್ತದೆ. ಒಂದೇ ದಿನ ನಾಲ್ಕಾರು ಊರುಗಳ ಕೆಲಸ ಮುಗಿಸಬಲ್ಲದು. ಆದರೆ ನಿಲ್ಲಿಸಿದ ಮೇಲೆ ಪಕ್ಕದ ಊರುಗಾಲುಗಳನ್ನು ಚಾಚಿಯೇ ತೋಳು ಎತ್ತಬೇಕು. ಆದ್ದರಿಂದ ಅಗಲವಾದ, ಗಟ್ಟಿಯಾದ ಜಾಗ ಬೇಕು.

ಬೂಮ್ ಲಿಫ್ಟ್ ಸ್ವಂತ ಚಕ್ರಗಳ ಮೇಲೆ ನಡೆದಾಡುವ ಯಂತ್ರವಾದರೂ ಅದರ ನಡಿಗೆ ಮನುಷ್ಯನ ನಡಿಗೆಯಷ್ಟೇ. ಊರಿಂದೂರಿಗೆ ಅದನ್ನು ತಗ್ಗು ಲಾರಿಯ ಮೇಲೆ ಸಾಗಿಸಬೇಕು. 45 ಅಡಿ ವರ್ಗದ ಡೀಸೆಲ್ ಲಿಫ್ಟ್ ಸುಮಾರು 6ರಿಂದ 7 ಟನ್ ತೂಗುತ್ತದೆ. ಒಂದೇ ದಿನದ ಕೆಲಸವಾದರೆ ಯಂತ್ರದ ಬಾಡಿಗೆಗಿಂತ ಸಾಗಾಣಿಕೆಯ ವೆಚ್ಚ ಹೆಚ್ಚಾಗುವುದೂ ಉಂಟು. ಅದರ ಲಾಭವೇನೆಂದರೆ, ಮಡಚುವ ತೋಳಿನ ಲಿಫ್ಟ್ ಮೇಲೇರಿ, ತಾರಸಿಯ ಕೈಪಿಡಿ ಗೋಡೆಯನ್ನು ದಾಟಿ, ಆಚೆಗೆ ಬಾಗಬಲ್ಲದು.

ಬಾಡಿಗೆದಾರರು ಹೇಳುವ ‘ಕೆಲಸದ ಎತ್ತರ’ ಬುಟ್ಟಿಯ ತಳದ ಎತ್ತರಕ್ಕೆ 2 ಮೀಟರ್ ಕೂಡಿಸಿದ ಲೆಕ್ಕ. ಅದಕ್ಕಿಂತ ಮುಖ್ಯವಾದುದು ಅಡ್ಡ ಚಾಚು. ರಸ್ತೆಯಿಂದ ಕಂಬ 6 ಮೀಟರ್ ಒಳಗಿದ್ದರೆ, ಎತ್ತರ ಸಾಕಾಗಿಯೂ ಚಾಚು ಸಾಲದ ಯಂತ್ರ ನಿರುಪಯೋಗಿ. ಬುಟ್ಟಿಯಲ್ಲಿ ಇಬ್ಬರು, ಉಪಕರಣ ಮತ್ತು ಆಂಟೆನಾ ಸೇರಿದ ತೂಕಕ್ಕೆ ಆ ಚಾಚು ಎಷ್ಟೆಂದು ಯಂತ್ರದ ನಕ್ಷೆಯಲ್ಲಿ ನೋಡಿಕೊಳ್ಳಬೇಕು.

ಮೂರು ತಾಲ್ಲೂಕು, ಮೂರು ಬಗೆಯ ನೆಲ

ಕೊಳ್ಳೇಗಾಲ ತಾಲ್ಲೂಕಿನ ಸತ್ತೇಗಾಲ, ಮಧುವನಹಳ್ಳಿ, ಪಾಳ್ಯದಂತಹ ರಸ್ತೆ ಬದಿಯ ಊರುಗಳಿಗೆ ಬಕೆಟ್ ಲಾರಿಯೇ ಸಲೀಸು. ಅಕ್ಕಪಕ್ಕದ ಪಂಚಾಯಿತಿಗಳು ದಿನಾಂಕ ಹೊಂದಿಸಿಕೊಂಡು ಒಟ್ಟಿಗೆ ಬಾಡಿಗೆಗೆ ಪಡೆದರೆ ಎಲ್ಲರಿಗೂ ಉಳಿತಾಯ.

ಯಳಂದೂರಿನಲ್ಲಿ ಗದ್ದೆ ಬಯಲಿನ ಊರುಗಳಿವೆ. ಹಿಂಗಾರು ಮಳೆಯಲ್ಲಿ ನೆನೆದ ನೆಲದಲ್ಲಿ ಊರುಗಾಲು ಒಂದು ಗೇಣು ಇಳಿದರೂ ಮೇಲಿನ ಬುಟ್ಟಿ ಬಹುದೂರ ವಾಲುತ್ತದೆ. ದಪ್ಪ ಹಲಗೆ ಹಾಸದೆ ಊರುಗಾಲು ಊರಬಾರದು. ಹೊಸದಾಗಿ ಮುಚ್ಚಿದ ಚರಂಡಿ ಮತ್ತು ಪೈಪಿನ ಗುಂಡಿಗಳ ಮೇಲಂತೂ ಕೂಡದು. ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಹುಲಿ ಸಂರಕ್ಷಿತ ಪ್ರದೇಶದ ನಿಯಮಗಳೂ ಇರುವುದರಿಂದ ಅರಣ್ಯ ಇಲಾಖೆಯ ಅನುಮತಿ ಮೊದಲು, ಯಂತ್ರ ಆಮೇಲೆ.

ಹನೂರಿನ ಮಾತೇ ಬೇರೆ. ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಏರುವ ತಿರುವುಗಳಲ್ಲಿ ಲಿಫ್ಟ್ ಹೊತ್ತ ಉದ್ದ ಲಾರಿ ತಿರುಗುವುದು ಕಷ್ಟ. ಕಡಿದಾದ ಏರನ್ನು ಮಡಚಿದ ಸ್ಥಿತಿಯಲ್ಲಿ ಹತ್ತುವ ಬೂಮ್ ಲಿಫ್ಟ್ ಕೂಡ ತೋಳು ಎತ್ತಲು ಬಹುತೇಕ ಸಮತಟ್ಟು ನೆಲವನ್ನೇ ಬೇಡುತ್ತದೆ. ಬಯಲಿನಲ್ಲಿ ಬಳಸುವ ಲಿಫ್ಟ್‌ಗಳ ಗಾಳಿಯ ಮಿತಿ ಸಾಮಾನ್ಯವಾಗಿ ಸೆಕೆಂಡಿಗೆ 12.5 ಮೀಟರ್, ಅಂದರೆ ಗಂಟೆಗೆ 45 ಕಿ.ಮೀ. ಬೆಟ್ಟದ ನೆತ್ತಿಯಲ್ಲಿ ಗಾಳಿ ಬೀಸತೊಡಗಿದರೆ ಕೆಲಸ ನಿಲ್ಲಿಸುವುದೇ ಸರಿ.

ತಂತಿಯ ಎಚ್ಚರಿಕೆ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅಷ್ಟು ಹಿಂದೆಯೇ ವಿದ್ಯುತ್ ತಂತಿ ಕಂಡ ಸೀಮೆ ಇದು. ಆದರೂ ಎತ್ತರದ ಕೆಲಸದಲ್ಲಿ ಬೀಳುವ ಅಪಾಯದ ಜೊತೆಗೇ ನಿಲ್ಲುವುದು ತಂತಿಯ ಅಪಾಯ. ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಗಳು 11 ಕೆ.ವಿ. ತಂತಿಗೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರ ಕೇಳುತ್ತವೆ. ಅದು ನಿಂತ ಗೋಡೆಯ ಅಳತೆ, ತೂಗಾಡುವ ಬುಟ್ಟಿಯದಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಕ್ರಮದಲ್ಲಿ 50 ಕೆ.ವಿ.ವರೆಗಿನ ತಂತಿಯಿಂದ ಇಂತಹ ಯಂತ್ರಗಳಿಗೆ 10 ಅಡಿ ದೂರವಿದೆ. ಇಲ್ಲಿಯೂ ಅಷ್ಟನ್ನು ಪಾಲಿಸುವುದು ಕ್ಷೇಮ.

ಫೈಬರ್ ಬುಟ್ಟಿ ಕಂಡ ಮಾತ್ರಕ್ಕೆ ಲಾರಿ ವಿದ್ಯುತ್ ನಿರೋಧಕವೆಂದು ತಿಳಿಯಬಾರದು. ತೋಳಿನಲ್ಲಿಯೂ ನಿರೋಧಕ ಭಾಗವಿದ್ದು, ಅದರ ಪರೀಕ್ಷಾ ಪತ್ರ ಚಾಲ್ತಿಯಲ್ಲಿರಬೇಕು. ಬೂಮ್ ಲಿಫ್ಟ್‌ನ ತೋಳು ಸಾಮಾನ್ಯವಾಗಿ ಬರಿಯ ಉಕ್ಕು. ತಂತಿ ಹತ್ತಿರವಿದ್ದರೆ ಸೆಸ್ಕ್ ಕಚೇರಿಯಿಂದ ಲೈನ್ ಕ್ಲಿಯರ್ ಅನ್ನು ಲಿಖಿತವಾಗಿ ಪಡೆಯಬೇಕು. ‘ಕರೆಂಟ್ ಹೋಗಿದೆ’ ಎಂಬ ಬಾಯಿಮಾತು ಸಾಲದು.

ಯಂತ್ರ ಹೋಗದ ಊರಿಗೆ

ಇಂಡಿಗನತ್ತ, ತುಳಸಿಕೆರೆಯಂತಹ ಕಾಡಿನ ನಡುವಿನ ಊರುಗಳಿಗೆ ಈ ಎರಡೂ ಯಂತ್ರಗಳನ್ನು ಆಶ್ರಯಿಸಲಾಗದು. ಹಾಗೆಂದು ಮನುಷ್ಯನನ್ನು ಬರಿಗೈಯಲ್ಲಿ ಹತ್ತಿಸುವುದು ಪರಿಹಾರವಲ್ಲ. ಬುಡದಲ್ಲಿ ಕೀಲಿರುವ ಕಂಬವನ್ನು ನೆಲದ ಮೇಲೆ ಮಲಗಿಸಿ, ಆಂಟೆನಾ ಮತ್ತು ಕೇಬಲ್ ಜೋಡಿಸಿ, ಹಗ್ಗದಿಂದ ಎತ್ತಿ ನಿಲ್ಲಿಸಬಹುದು. ದುರಸ್ತಿಗೂ ಅದನ್ನು ಮಲಗಿಸಿದರಾಯಿತು. ಕಂಬ ಉರುಳಿದರೂ ತಂತಿ ಮುಟ್ಟದಷ್ಟು ದೂರದಲ್ಲಿ ಅದನ್ನು ನೆಡಬೇಕು. ಯಂತ್ರಕ್ಕೆ ಜಾಗ ಸಿಗದಿದ್ದರೆ ಆಂಟೆನಾದ ಜಾಗವನ್ನು ಬದಲಿಸಬಹುದು.

ಕಾರ್ಯಾದೇಶಕ್ಕೆ ಸಹಿ ಮಾಡುವ ಮುನ್ನ

1. ಸ್ಥಳಕ್ಕೆ ಹೋಗಿ ಎತ್ತರ, ಅಡ್ಡ ದೂರ, ತಂತಿಯ ಅಂತರ ಮತ್ತು ದಾರಿಯ ಅಗಲವನ್ನು ಅಳೆದು ಬರೆದಿಡಬೇಕು.
2. ಆ ಅಳತೆಗಳನ್ನೇ ದರಪಟ್ಟಿ ಕೋರುವ ಪತ್ರದಲ್ಲಿ ನಮೂದಿಸಬೇಕು. ಬಾಡಿಗೆ, ಸಾಗಾಣಿಕೆ, ಡೀಸೆಲ್, ಚಾಲಕರ ಭತ್ಯೆ ಬೇರೆ ಬೇರೆಯಾಗಿರಲಿ.
3. ಯಂತ್ರದ ತಪಾಸಣಾ ಪತ್ರ, ವಿಮೆ ಮತ್ತು ಚಾಲಕರ ತರಬೇತಿ ದಾಖಲೆಗಳನ್ನು ಕಡತಕ್ಕೆ ಸೇರಿಸಬೇಕು.
4. ಬುಟ್ಟಿಯಲ್ಲಿರುವವರು ಪೂರ್ಣ ದೇಹದ ಸುರಕ್ಷತಾ ಬೆಲ್ಟ್ ಧರಿಸಿ, ಅದನ್ನು ಬುಟ್ಟಿಯ ಕೊಂಡಿಗೇ ಸಿಕ್ಕಿಸಬೇಕು, ಕಂಬಕ್ಕಲ್ಲ.
5. ನೆಲದಲ್ಲಿ ಒಬ್ಬರು ತಂತಿಯನ್ನೇ ಗಮನಿಸುತ್ತಿರಬೇಕು. ಅವರಿಗೆ ಬೇರೆ ಕೆಲಸ ಹೇಳಬಾರದು.

ಕಡಿಮೆ ದರದ ಯಂತ್ರ ತಪ್ಪು ಸ್ಥಳಕ್ಕೆ ಬಂದಾಗ ಅದು ಸುಮ್ಮನೆ ನಿಲ್ಲುತ್ತದೆ, ಆಗ ಏಣಿ ಹೊರಬರುತ್ತದೆ. ಏಣಿ ಹೊರಬಾರದಂತೆ ಆಯ್ಕೆ ಮಾಡುವುದೇ ಪಂಚಾಯಿತಿಯ ಕರ್ತವ್ಯ. ಸಂಪರ್ಕ ಒಂದು ವಾರ ತಡವಾದರೆ ಊರು ಸಹಿಸುತ್ತದೆ; ಹತ್ತಿದವರು ಮನೆಗೆ ಮರಳದಿದ್ದರೆ ಆ ಮನೆ ಸಹಿಸಲಾರದು.